ಬೆನ್ನಿಗೆ ಕಟ್ಟಿದ ಕೂಸು

"ಅಕ್ಕಾ, ನಿಮ್ಗೆ ಹಿಂದಿ ಬರ್ತದಲ್ಲ, ನೀವೇ ಹೇಳಿ ಇವ್ಳಿಗೆ. ನಂಗೆ ಹೇಳಿ ಹೇಳಿ ಬಾಯಿ ನೋವು ಬಂತು ಮಾರಾಯ್ರೆ" ಎಂದು ತೋಟದ ಮೇಸ್ತ್ರಿ ಆ ಹುಡುಗಿಯನ್ನು ನನ್ನ ಮುಂದೆ ತಂದು ನಿಲ್ಲಿಸಿದಾಗ ನಾನು ಮಕ್ಕಳ ಗಂಜಿಗೆ ಬೆಲ್ಲ ಕುಟ್ಟುತ್ತಿದ್ದೆ. ತಲೆ ಎತ್ತಿ ನೋಡಿದರೆ ಇಪ್ಪತ್ತರ ಆಸುಪಾಸಿನ ಹುಡುಗಿ, ಸಣಕಲು, ಕಾಲಲ್ಲಿ ಗಂಡಸರ ಚಪ್ಪಲಿ. ಅವಳ ಭುಜದ ಹಿಂದಿನಿಂದ ಇನ್ನೊಂದು ಪುಟ್ಟ ತಲೆ ಇಣುಕಿ ನನ್ನನ್ನು ನೋಡುತ್ತಿತ್ತು.

ಜಾವಳಿ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ಮಕ್ಕಳ ಮನೆ ನೋಡಿಕೊಳ್ಳುವುದು ನನ್ನ ಕೆಲಸ. ಹಣ್ಣು ಕೊಯ್ಯುವ ಹೆಂಗಸರು ಬೆಳಿಗ್ಗೆ ತಮ್ಮ ಚಿಕ್ಕ ಮಕ್ಕಳನ್ನು ಅಲ್ಲಿ ಬಿಟ್ಟು ಸಂಜೆ ಕರೆದುಕೊಂಡು ಹೋಗುತ್ತಾರೆ. ನನ್ನ ಮನೆ ಇರುವುದು ಬಣಕಲ್ಲಿನಲ್ಲಿ, ನಮ್ಮವರದು ಜೀಪು ರಿಪೇರಿ ಗ್ಯಾರೇಜು. ನಾವು ಮನೆಯಲ್ಲಿ ಉರ್ದು ಮಾತಾಡುವವರಾದ್ದರಿಂದ, ಜಾರ್ಖಂಡ್, ಅಸ್ಸಾಂ ಕಡೆಯಿಂದ ಕೆಲಸಕ್ಕೆ ಬರುವ ಸಂಸಾರಗಳನ್ನು ಊರಿಗೆ ಒಗ್ಗಿಸುವ ಜವಾಬ್ದಾರಿಯನ್ನೂ ಎಸ್ಟೇಟಿನ ಸಾಹುಕಾರರು ನನ್ನ ತಲೆಗೇ ಕಟ್ಟಿದ್ದರು. ಯಾವ ನಲ್ಲಿಯ ನೀರು ಕುಡಿಯಬಹುದು, ಸಂತೆ ಯಾವತ್ತು, ಜಿಗಣೆ ಹತ್ತಿದರೆ ಏನು ಮಾಡಬೇಕು, ಮಗುವಿಗೆ ಜ್ವರ ಬಂದರೆ ಯಾರ ಬಾಗಿಲು ತಟ್ಟಬೇಕು, ಎಲ್ಲವನ್ನೂ ನಾನೇ ಹೇಳಿಕೊಡಬೇಕು. ಅವರ ಹಿಂದಿಗೂ ನನ್ನ ಉರ್ದುವಿಗೂ ಅರ್ಧಕ್ಕರ್ಧ ತಾಳೆಯಾಗುವುದಿಲ್ಲ. ಉಳಿದದ್ದನ್ನು ಕೈಬಾಯಿ ಸನ್ನೆಯಲ್ಲಿ ಮುಗಿಸುತ್ತೇವೆ. ಇಲ್ಲಿ ಎಲ್ಲವನ್ನೂ ಕನ್ನಡದಲ್ಲೇ ಬರೆಯುತ್ತೇನೆ.

ಮೇಸ್ತ್ರಿಯ ಬಾಯಿ ನೋವಿಗೆ ಕಾರಣ ಇಷ್ಟೇ. ಆ ಚಳಿಗಾಲ ನಮ್ಮ ಸುತ್ತಿನಲ್ಲಿ ಆನೆಗಳ ಓಡಾಟ ಜಾಸ್ತಿಯಾಗಿತ್ತು. ಕೊಯ್ಲಿನ ತೋಟದೊಳಗೆ ಯಾರೂ ಕೂಸುಗಳನ್ನು ತರಕೂಡದು, ಎಲ್ಲ ಮಕ್ಕಳೂ ಮಕ್ಕಳ ಮನೆಯಲ್ಲೇ ಇರಬೇಕು ಎಂದು ಸಾಹುಕಾರರು ಕಟ್ಟುನಿಟ್ಟು ಮಾಡಿದ್ದರು. ಈ ಹುಡುಗಿ ಮಾತ್ರ ಒಪ್ಪುತ್ತಿರಲಿಲ್ಲ.

"ನಾನು ಹೊತ್ಕೊಂಡೇ ಕೊಯ್ತೀನಿ ಮೌಸಿ" ಎಂದಳು. ಮೌಸಿ ಎಂದರೆ ಚಿಕ್ಕಮ್ಮ. ಬಂದ ದಿನವೇ ನನ್ನನ್ನು ಚಿಕ್ಕಮ್ಮ ಮಾಡಿಕೊಂಡಿದ್ದಳು, ಕಿಲಾಡಿ.

"ಇಲ್ಲಿ ಆನೆ ಇದಾವೆ ಕಣೆ."

"ನಮ್ಮೂರಲ್ಲೂ ಇದಾವೆ."

ಅವಳ ಗಂಡನನ್ನು ಕರೆಸಿ ಕೇಳಿದಾಗ ವಿಷಯ ತಿಳಿಯಿತು. ಮೊದಲು ಕಳಸದ ಹತ್ತಿರ ಒಂದು ತೋಟದಲ್ಲಿದ್ದರಂತೆ. ಕೂಸನ್ನು ಬಿಟ್ಟು ಕೆಲಸಕ್ಕೆ ಬರುವುದಿಲ್ಲ ಎಂದಿದ್ದಕ್ಕೆ ಅಲ್ಲಿಂದ ಏಳಬೇಕಾಯಿತಂತೆ. ನಮ್ಮಲ್ಲೂ ಕೊಯ್ಲಿನ ಕಾಲದಲ್ಲಿ ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಬಂದರೆ ಮಾತ್ರ ಲೈನಿನಲ್ಲಿ, ಅಂದರೆ ಕೂಲಿಕಾರರ ಸಾಲುಮನೆಯಲ್ಲಿ, ಒಂದು ಕೋಣೆ. "ಇಲ್ಲಿಂದಲೂ ಏಳಬೇಕಾದ್ರೆ ಮುಂದೆ ಎಲ್ಲಿಗೆ?" ಎಂದು ಕೇಳಿದೆ. ಅವನು ಹೆಂಡತಿಯ ಮುಖ ನೋಡಿದ. ಆ ಚಳಿಯಲ್ಲಿ ಎಂಟು ತಿಂಗಳ ಕೂಸನ್ನು ಕಟ್ಟಿಕೊಂಡು ಗುರಿಯಿಲ್ಲದೆ ಬಸ್ಸು ಹತ್ತುವುದೆಂದರೆ ಆಟವೇ? ಈ ಸಂಸಾರವನ್ನು ಇಲ್ಲೇ ಉಳಿಸಿಕೊಳ್ಳಬೇಕು, ಏನಾದರಾಗಲಿ ಎಂದು ಅವತ್ತೇ ಹಟ ಹಿಡಿದೆ.

ಹಟ ಹಿಡಿದದ್ದೇ ಹಿಡಿದದ್ದು, ಅವಳ ಬೆನ್ನು ಬಿದ್ದೆ. ಲೈನಿನಲ್ಲಿ ಒಲೆ ಹೊಗೆ ಕಾರುತ್ತಿತ್ತು, ಅವಳ ಗಂಡನ ಕೈಲಿ ಮಣ್ಣು ಮೆತ್ತಿಸಿ ಸರಿ ಮಾಡಿಸಿದೆ. ಕೂಸಿಗೆ ಉಣ್ಣೆಯ ಟೋಪಿ ಕೊಡಿಸಿದೆ. ಅವಳು ಮೊದಲು ಕೇಳಿದ್ದು ಅಡುಗೆಗೆ ಸಾಸಿವೆ ಎಣ್ಣೆ. ಬಣಕಲ್ಲಿನ ಯಾವ ಅಂಗಡಿಯಲ್ಲೂ ಸಿಗಲಿಲ್ಲ. ನಮ್ಮವರು ಸ್ಪೇರ್ ಪಾರ್ಟ್ಸಿಗೆಂದು ಮೂಡಿಗೆರೆಗೆ ಹೋದವರು ಅಲ್ಲಿಂದ ಹುಡುಕಿ ತಂದರು. "ನಂಗೆ ಯಾವತ್ತಾದ್ರೂ ಹಿಂಗೆ ಹುಡುಕಿ ತಂದಿದೀರಾ?" ಎಂದು ನಾನು ಕೇಳದೇ ಬಿಡಲಿಲ್ಲ. ಕೊನೆಗೆ, ಎಣ್ಣೆಯ ಋಣಕ್ಕೋ ಏನೋ, ಅವಳು ಕೂಸನ್ನು ನನ್ನ ಹತ್ತಿರ ಬಿಡಲು ಒಪ್ಪಿದಳು.

ಬಿಟ್ಟು ಹೋದಳು. ಅಷ್ಟೇ. ಅವಳ ಬೆನ್ನಿನಿಂದ ಇಳಿದ ಗಳಿಗೆಯಿಂದ ಆ ಕೂಸು ಬಾಯಿ ಮುಚ್ಚಲಿಲ್ಲ. ಸೀರೆಯ ಜೋಲಿ ಕಟ್ಟಿ ತೂಗಿದೆ, ಇನ್ನೂ ಜೋರಾಯಿತು. ಕಂಬಳಿ ಹಾಸಿ ಮಲಗಿಸಿದೆ, ಬೆನ್ನನ್ನು ಬಿಲ್ಲು ಮಾಡಿ ಕಿರುಚಿತು. ಗಿಲಕಿ ಆಡಿಸಿದೆ, ಹಾಡಿದೆ, ಕೋಳಿ ತೋರಿಸಿದೆ. ನನ್ನ ಹಾಡಿಗೆ ಬೇರೆ ಮಕ್ಕಳೂ ಅಳಲು ಶುರು ಮಾಡಿದವು. ಮರುದಿನವೂ ಅದೇ ಕಥೆ. ಅತ್ತೂ ಅತ್ತೂ ಅದರ ದನಿ ಕಟ್ಟಿಹೋಗಿತ್ತು.

ಈಗ ನನ್ನ ಬಗ್ಗೆ ಒಂದು ಮಾತು ಹೇಳಬೇಕು. ಬಣಕಲ್ಲಿನಲ್ಲಿ ಯಾರ ಮನೆಯಲ್ಲಿ ಹೆರಿಗೆಯಾದರೂ, ಅವರು ಯಾವ ಜಾತಿಯವರೇ ಆಗಲಿ, ಕೂಸಿಗೆ ಎಣ್ಣೆ ನೀರು ಹಾಕಲು ನನ್ನನ್ನೇ ಕರೆಯುತ್ತಾರೆ. ನನ್ನ ಕೈಯಲ್ಲಿ ನೀರು ಹಾಕಿಸಿಕೊಂಡ ಕೂಸು ಮೂರು ತಾಸು ಮಿಸುಕಾಡದೆ ಮಲಗುತ್ತದೆ ಎಂಬ ಹೆಸರಿದೆ. ಆ ಜಂಬ ನನಗೆ ತುಸು ಹೆಚ್ಚೇ. ಹಾಗಾಗಿ ಮೂರನೆಯ ದಿನ ಕೂಸು ಮತ್ತೆ ಶುರುಹಚ್ಚಿಕೊಂಡಾಗ, ಇದಕ್ಕೆ ಬೇಕಾದ್ದು ಒಂದು ಒಳ್ಳೆಯ ಎಣ್ಣೆ ನೀರು, ಮೈ ನೋವಿಗೆ ಅಳುತ್ತಿದೆ ಎಂದು ತೀರ್ಮಾನಿಸಿ ಹಂಡೆಗೆ ಉರಿ ಹಾಕಿದೆ.

ನಮ್ಮ ಕಡೆ ಕೂಸಿಗೆ ನೀರು ಹಾಕುವ ಕ್ರಮ ಗೊತ್ತಲ್ಲ. ಮಣೆಯ ಮೇಲೆ ಕೂತು ಎರಡೂ ಕಾಲು ಚಾಚಿ, ಕಾಲಿನ ಮೇಲೆ ಕೂಸನ್ನು ಬೋರಲು ಮಲಗಿಸಿಕೊಂಡೆ. ಎಣ್ಣೆ ಹಚ್ಚಿ ಬೆನ್ನು, ತೊಡೆ, ಅಂಗಾಲು ನೀವಿದೆ. ಕೈಕಾಲು ಅಡ್ಡಡ್ಡ ಎಳೆದು ಬಿಟ್ಟೆ. ಕಡಲೆಹಿಟ್ಟು ಉಜ್ಜಿ, ಹದವಾದ ಬಿಸಿನೀರನ್ನು ತಂಬಿಗೆಯಲ್ಲಿ ಎತ್ತೆತ್ತಿ ಹೊಯ್ದೆ. ಕೂಸು ಕೆಂಪಗಾಗಿ ಮುಗಿಲು ಹರಿಯುವ ಹಾಗೆ ಅರಚಿತು. ನೀರು ಹಾಕುವಾಗ ಅತ್ತಷ್ಟೂ ಎದೆ ಗಟ್ಟಿಯಾಗುತ್ತದೆ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು, ಹಾಗಾಗಿ ಆ ಅಳುವನ್ನು ನಾನು ಲೆಕ್ಕಕ್ಕಿಡಲಿಲ್ಲ. ಒರೆಸಿ ಸುತ್ತಿ, ಕೆಂಡಕ್ಕೆ ಲೋಬಾನ ಹಾಕಿ, ಎದ್ದ ಹೊಗೆಯ ಮೇಲೆ ಅದನ್ನು ಹಿಡಿದೆ.

ಅದೇ ಹೊತ್ತಿಗೆ ಬಾಗಿಲಲ್ಲಿ ಅವಳು ನಿಂತಿದ್ದಳು. ಕೂಸಿನ ಕೂಗು ಕೊಯ್ಲಿನ ತೋಟದವರೆಗೂ ಕೇಳಿತ್ತು. ಓಡಿ ಬಂದವಳಿಗೆ ಕಂಡದ್ದೇನು? ಕೋಣೆ ತುಂಬ ಹಬೆ, ಹೊಗೆ, ಕೆಳಗೆ ನಿಗಿನಿಗಿ ಕೆಂಡ, ಅದರ ಮೇಲೆ ನನ್ನ ಕೈಯಲ್ಲಿ ಅವಳ ಕೆಂಪಾದ ಕೂಸು. ಒಂದೇ ನೆಗೆತಕ್ಕೆ ಬಂದು ಅದನ್ನು ಕಿತ್ತುಕೊಂಡಳು. "ಏ, ನಿಲ್ಲೇ, ಹೇಳೋದು ಕೇಳು" ಎಂದು ನಾನು ಒದ್ದೆ ಸೆರಗು ಹಿಡಿದುಕೊಂಡು ಹಿಂದೆ ಓಡಿದೆ. ಅವಳು ತಿರುಗಿ ನೋಡಲಿಲ್ಲ.

ಸಂಜೆ ಲೈನಿಗೆ ಹೋದೆ. ಬಾಗಿಲು ತೆರೆದಳು, ಒಳಗೆ ಬಾ ಎನ್ನಲಿಲ್ಲ.

"ನಾನೇನು ನಿನ್ನ ಮಗೂನ ತಿಂದ್ಬಿಡ್ತೀನಾ?" ಎಂದೆ. ಸಿಟ್ಟು ಬಂದರೆ ನನ್ನ ಬಾಯಿ ಹೀಗೆಯೇ.

"ನೀವು ಅವನನ್ನ ಸುಟ್ರಿ" ಎಂದಳು. ಜಗಳದ ದನಿಯಲ್ಲಿ ಅಲ್ಲ, ನಡೆದದ್ದನ್ನು ಹೇಳುವ ಹಾಗೆ.

ಯಾ ಅಲ್ಲಾ! ಎಷ್ಟು ಮನೆಯ ಕೂಸುಗಳಿಗೆ ನೀರು ಹಾಕಿದ ಕೈ ಇದು. ವಾಪಸು ಬರುವಾಗ ಬಸ್ಸಿನಲ್ಲಿ ಕಿಟಕಿ ಕಡೆ ತಿರುಗಿ ಕೂತು ಕಣ್ಣೊರೆಸಿಕೊಂಡೆ. ಮನೆಗೆ ಬಂದು, "ಇನ್ನು ಆ ಲೈನಿನ ಕಡೆ ಕಾಲಿಟ್ಟರೆ ಕೇಳಿ" ಎಂದು ನಮ್ಮವರ ಮುಂದೆ ಹಾರಾಡಿದೆ. ಅವರು ಉಣ್ಣುವುದನ್ನು ನಿಲ್ಲಿಸದೆ, "ನಾಳೆ ಎಷ್ಟೊತ್ತಿಗೆ ಹೋಗ್ತೀಯ?" ಎಂದರು.

ಮಾರನೆಯ ದಿನ ನಾನು ಹೋಗುವಷ್ಟರಲ್ಲಿ ಪಂಚಾಯ್ತಿ ಎದ್ದಿತ್ತು. ಅವಳು ಕೂಸನ್ನು ಬೆನ್ನಿಗೆ ಕಟ್ಟಿ, ಮೇಲೆ ಗಂಡನ ದೊಡ್ಡ ಜರ್ಕಿನ್ ಹಾಕಿಕೊಂಡು ತೋಟಕ್ಕೆ ಇಳಿದಿದ್ದಳಂತೆ. ಗೂನು ಬೆನ್ನು ಕೆಮ್ಮಿದ್ದನ್ನು ಮೇಸ್ತ್ರಿ ಕೇಳಿಸಿಕೊಂಡಿದ್ದ. ಸಾಹುಕಾರರು ತಾವೇ ಬಂದಿದ್ದರು.

"ನೋಡೀಮ್ಮ, ನಂಗೇನು ಹಟ ಇಲ್ಲ" ಎಂದು ನನಗೆ ಹೇಳಿದರು. "ಆನೆ ಎದುರಿಗೆ ಬಂದಾಗ ಆ ಕೂಸು ಅತ್ರೆ ಎಂತ ಮಾಡದು? ಭಾನುವಾರದ ತನಕ ನೋಡಣ. ಆಗ್ಲಿಲ್ಲ ಅಂದ್ರೆ ಅವ್ರು ಬೇರೆ ಕಡೆ ನೋಡ್ಕಳ್ಳಲಿ."

ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಅದೇ ನನಗೆ ಇನ್ನೂ ಸಂಕಟ.

ಅವತ್ತು ಅವಳಿಗೆ ಕೆಲಸವಿಲ್ಲ, ಲೈನಿನಲ್ಲೇ ಇದ್ದಳು. ಮಕ್ಕಳ ಮನೆಯ ಹಿತ್ತಲಿನಿಂದ ಲೈನು ಕಾಣುತ್ತದೆ. ಸಿಟ್ಟಿನಲ್ಲಿ ನೋಡಬಾರದು ಎಂದುಕೊಂಡರೂ ಕಣ್ಣು ಅತ್ತಲೇ ಹೋಗುತ್ತಿತ್ತು. ಕೂಸನ್ನು ಬೆನ್ನಿಗೆ ಹಾಕಿಕೊಂಡೇ ನೀರು ಹೊತ್ತಳು. ಹೊತ್ತುಕೊಂಡೇ ಸೌದೆ ಒಡೆದಳು, ಬಟ್ಟೆ ಒಗೆದಳು. ಬೆನ್ನ ಮೇಲೆ ಕೂಸು ತೂಕಡಿಸುತ್ತಿತ್ತು. ಬಟ್ಟೆ ಹರವಲು ಅದನ್ನೊಮ್ಮೆ ಇಳಿಸಿ ಚಾಪೆಯ ಮೇಲೆ ಕೂರಿಸಿದಳು ನೋಡಿ, ಅದೇ ಕಿರುಚಾಟ! ಎದುರಿಗೆ ಹೆತ್ತ ತಾಯಿಯೇ ಇದ್ದಾಳೆ, ಆದರೂ ಮುಗಿಲು ಹರಿಯುವ ಕಿರುಚಾಟ. ಮತ್ತೆ ಬೆನ್ನಿಗೇರಿಸಿದಳು, ಗಪ್‌ಚಿಪ್.

ಅರೆ, ಈ ಕೂಸಿಗೆ ನನ್ನ ಭಯವಲ್ಲ, ನೆಲದ ಭಯ! ಹುಟ್ಟಿದಾಗಿನಿಂದ ಇದು ತೊಟ್ಟಿಲು ಕಂಡಿಲ್ಲ, ಜೋಲಿ ಕಂಡಿಲ್ಲ. ಊರಲ್ಲಿ ಅಜ್ಜಿಯ ಬೆನ್ನು, ಇಲ್ಲಿ ಅಮ್ಮನ ಬೆನ್ನು, ಅಷ್ಟೇ ಇದರ ಪ್ರಪಂಚ. ನಾನೋ, ಮೂರು ದಿನದಿಂದ ಅದನ್ನು ಮಲಗಿಸಲು ಹೆಣಗಿದ್ದೆ.

ಸಂಜೆ ಮಕ್ಕಳನ್ನೆಲ್ಲ ಕಳಿಸಿ ಲೈನಿಗೆ ಹೋದೆ. ಅವಳ ಕೋಣೆಯ ಮುಂದೆ ನಿಂತು, ಅವಳಿಗೆ ಬೆನ್ನು ತಿರುಗಿಸಿ ಬಗ್ಗಿದೆ. "ಕಟ್ಟು" ಎಂದೆ.

ಅವಳಿಗೆ ಅರ್ಥವಾಗಲಿಲ್ಲ. ಪಕ್ಕದ ಮನೆಯ ಜಗಲಿಯಲ್ಲಿ ನಮ್ಮೂರಿನವಳೇ ಆದ ಒಬ್ಬ ಅಜ್ಜಿ ಕೂತಿತ್ತು. ಹಣ್ಣು ಕೊಯ್ಯುವುದರಲ್ಲಿ ಎಷ್ಟು ಚುರುಕೋ ಮಾತಿನಲ್ಲೂ ಅಷ್ಟೇ. ಅದರ ಎರಡು ವರ್ಷದ ಮೊಮ್ಮಗಳು ನನ್ನ ಹತ್ತಿರವೇ ಇರುವುದು. "ಎಂಥದೇ ಇದು? ನಮಾಜಿಗೆ ಬಗ್ಗಿದ್ಯಾ, ಇಲ್ಲಾ ಸೊಂಟ ಹಿಡ್ಕತ್ತಾ?" ಎಂದಿತು.

"ಕೂಸು ಹೊರ್ತೀನಿ ಕಣಜ್ಜಿ."

"ಅಯ್ಯೋ ಶಿವನೇ! ನಿನ್ನ ವಯಸ್ಸಿಗೆ ಕೋಲು ಹಿಡಿಯದು ಕಲಿ, ಕೂಸು ಕಟ್ಟದಲ್ಲ. ಇವ್ರೆಲ್ಲ ಇವತ್ತು ಇದ್ದು ನಾಳೆ ಹೋಗೋರು. ನಿಂಗ್ಯಾಕೆ ಉಸಾಬರಿ?"

ನಾನು ಬಗ್ಗಿಯೇ ಇದ್ದೆ. ಹಿಂದಿನಿಂದ ಒಂದು ಸಣ್ಣ ನಗು ಕೇಳಿಸಿತು. ಆ ಹುಡುಗಿ ನಕ್ಕದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಕಟ್ಟುವುದಕ್ಕೆ ಒಂದು ವಿದ್ಯೆ ಇದೆ. ಬೆನ್ನು ಮಣೆಯ ಹಾಗೆ ಸಮ ಇರುವಷ್ಟು ಬಗ್ಗಬೇಕು. ಕೂಸನ್ನು ಮೇಲೆ ಬೋರಲು ಮಲಗಿಸಿ, ಅದರ ಮೇಲೆ ಬಟ್ಟೆ ಹೊದಿಸಬೇಕು. ಬಟ್ಟೆಯ ಒಂದು ತುದಿ ಭುಜದ ಮೇಲಿಂದ, ಇನ್ನೊಂದು ಕಂಕುಳ ಕೆಳಗಿನಿಂದ ಬಂದು ಎದೆಯ ಮುಂದೆ ಗಂಟಾಗಬೇಕು. ಗಂಟು ಹಾಕುವ ಮುಂಚೆ ಸೊಂಟವನ್ನೊಮ್ಮೆ ಮೇಲಕ್ಕೆ ಕುಲುಕಿದರೆ ಕೂಸು ತಾನೇ ಜಾಗ ಮಾಡಿಕೊಂಡು ಕೂರುತ್ತದೆ. ಹೇಳುವುದು ಸುಲಭ. ಮೊದಲ ಸಲ ನಾನು ನೆಟ್ಟಗಾಗುತ್ತಲೇ ಕೂಸು ಜಾರಿತು, ಅವಳು ಹಿಡಿದುಕೊಂಡಳು. ಎರಡನೆಯ ಸಲ ಗಂಟು ಕುತ್ತಿಗೆಗೆ ಬಿಗಿದು ನನಗೇ ಉಸಿರು ಸಿಕ್ಕಲಿಲ್ಲ. ನಾನು ತಂದ ಹೊಸ ಬೆಡ್‌ಶೀಟನ್ನು ಅವಳು ಬೇಡವೆಂದಳು. ಒಳಗೆ ಹೋಗಿ ತಾನು ಉಟ್ಟು ಬಿಟ್ಟ ಹಳೆಯ ಸೀರೆ ತಂದಳು. "ಇದರಲ್ಲಿ ನನ್ನ ವಾಸನೆ ಇದೆ" ಎಂದಳು. ಆ ಸೀರೆಯಲ್ಲಿ ಕಟ್ಟಿಕೊಂಡು ಲೈನಿನ ಮುಂದೆ ಅಡ್ಡಾಡಿದೆ. ಕೂಸು ಸ್ವಲ್ಪ ಕುಸುಕುಸು ಮಾಡಿ, ಆಮೇಲೆ ನನ್ನ ಬೆನ್ನಿಗೆ ಕೆನ್ನೆ ಒತ್ತಿ ಸುಮ್ಮನಾಯಿತು. ಆ ಬಿಸಿ ಕೆನ್ನೆ ತಾಗಿದಾಗ ಆದ ಖುಷಿಯನ್ನು ಏನಂತ ಹೇಳಲಿ? ನನ್ನ ಸ್ವಂತ ಮಕ್ಕಳನ್ನೂ ನಾನು ಹೀಗೆ ಹೊತ್ತಿರಲಿಲ್ಲ.

ಮರುದಿನ ಬೆಳಿಗ್ಗೆಯಿಂದ ಅದೇ ನನ್ನ ಸಂಸಾರವಾಯಿತು. ಕೂಸನ್ನು ಕಟ್ಟಿಕೊಂಡೇ ಗುಡಿಸುವುದು, ಗಂಜಿ ಕಾಯಿಸುವುದು, ಬೇರೆ ಮಕ್ಕಳ ಮೂಗು ಒರೆಸುವುದು. ನಡೆಯುತ್ತಿದ್ದರೆ ನಿದ್ದೆ, ನಿಂತರೆ ಎಚ್ಚರ. ಹಾಗಾಗಿ ನಿಲ್ಲುವ ಹಾಗಿಲ್ಲ. ಮಂಡಿ ಚುಳುಕ್ ಎನ್ನುತ್ತಿತ್ತು, ಮನೆಗೆ ಹೋಗಿ ನೀಲಗಿರಿ ಎಣ್ಣೆ ತಿಕ್ಕಿಕೊಳ್ಳುತ್ತಿದ್ದೆ. ಭಾನುವಾರ ನೋಡಲು ಬಂದ ಸಾಹುಕಾರರು ಬಾಗಿಲಲ್ಲೇ ನಿಂತುಬಿಟ್ಟರು.

"ಇದೆಂಥದಮ್ಮ?"

"ತೊಟ್ಟಿಲು ಸಾವ್ಕಾರ್ರೆ. ಸ್ವಲ್ಪ ಹಳೇದು, ಕೀಲು ಕಿರಗುಡ್ತದೆ" ಎಂದೆ. ಅವರು ನಕ್ಕು ಹೋದರು. ಕೂಸು ಮಕ್ಕಳ ಮನೆಯಲ್ಲಿದೆ, ಅವರಿಗೆ ಬೇಕಾದ್ದು ಅಷ್ಟೇ.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಕೂಸು ನನ್ನನ್ನು ನಂಬಿತ್ತು, ತಾಯಿ ನಂಬಿರಲಿಲ್ಲ. ಅವಳು ನಾಲ್ಕು ಗಿಡ ಕೊಯ್ಯುವಳು, ಚೀಲ ಬಿಟ್ಟು ಓಡಿ ಬರುವಳು. ಬಾಗಿಲಲ್ಲಿ ನಿಂತು ಒಳಗೆ ಕೆಂಡ ಇದೆಯೋ, ಹಬೆ ಇದೆಯೋ ಎಂದು ಕಣ್ಣಲ್ಲೇ ಹುಡುಕುವಳು. ನನ್ನ ಬೆನ್ನಿನಿಂದ ಕೂಸನ್ನು ಬಿಚ್ಚಿಸಿಕೊಂಡು, ತಿರುಗಿಸಿ ಮರುಗಿಸಿ ನೋಡಿ, ಮತ್ತೆ ಕಟ್ಟಿ ಹೋಗುವಳು. ಹಾಲು ಕುಡಿಸುವ ಹೊತ್ತಿಗೆ ಬಂದರೆ ಸರಿ, ಇದು ದಿನವಿಡೀ. ನನಗೆ ಒಳಗೊಳಗೇ ಉರಿಯುತ್ತಿತ್ತು, ಆದರೂ ಬಾಯಿಗೆ ಬೀಗ ಹಾಕಿಕೊಂಡೆ. ಮೇಸ್ತ್ರಿ ಮಾತ್ರ ಸುಮ್ಮನಿರಲಿಲ್ಲ.

"ಅಕ್ಕಾ, ಇವ್ಳು ಕೊಯ್ಯದಕ್ಕಿಂತ ಓಡಾಡದೇ ಜಾಸ್ತಿ. ಸಂಜೆ ಎಲ್ರ ಚೀಲ ತುಂಬಿರ್ತದೆ, ಇವ್ಳದ್ದು ಬುಡದಲ್ಲಿರ್ತದೆ. ನಾನು ಎಷ್ಟು ದಿನ ಮುಚ್ಚಿಡ್ಲಿ? ಲೆಕ್ಕ ಬರೆಯೋ ರೈಟರ್ ಕೇಳ್ತಾನೆ. ಈ ವಾರ ಹಿಂಗೇ ಆದ್ರೆ ಕಳಿಸ್ಬೇಕಾಗ್ತದೆ."

ಅವಳಿಗೆ ಹೇಳಿದೆ. ತಲೆಯಾಡಿಸಿದಳು. ಅರ್ಧ ತಾಸಿಗೆ ಮತ್ತೆ ಬಾಗಿಲಲ್ಲಿದ್ದಳು. ನಂಬು ಎಂದು ಯಾರಿಗಾದರೂ ಗದರಿ ಹೇಳಲು ಬರುತ್ತದೆಯೇ?

ಆ ವಾರವೇ ಒಂದು ಮಧ್ಯಾಹ್ನ, ಮಕ್ಕಳಿಗೆ ಗಂಜಿ ಕುಡಿಸಿ ಮುಗಿಸಿದ್ದೆ, ಮೇಸ್ತ್ರಿಯ ಸೀಟಿ ಕೇಳಿಸಿತು. ಬಿಟ್ಟು ಬಿಟ್ಟು ಮೂರು ಸಲ ಊದಿದರೆ ಆನೆ ಎಂದು ಅರ್ಥ. ಕೂಡಲೇ ಅವನ ಫೋನೂ ಬಂತು. "ಅಕ್ಕಾ, ಹಳ್ಳದ ಕಡೆಯಿಂದ ಮೇಲೆ ಬರ್ತಾ ಇದಾವಂತೆ. ಮಕ್ಕಳ ಮನೆ ದಾರಿಗೇ ಬರ್ತಾವೆ. ಜೀಪು ಮೂಡಿಗೆರೆಗೆ ಹೋಗಿದೆ, ಕಾಯ್ಬೇಡಿ. ಮೇಲಿನ ದಾರೀಲಿ ಟಾರ್ ರೋಡಿಗೆ ಬಂದ್ಬಿಡಿ. ಕೆಲಸದವ್ರನ್ನೆಲ್ಲ ಅಲ್ಲಿಗೇ ಕರ್ಕಂಡು ಬರ್ತಿದೀನಿ, ಯಾರನ್ನೂ ಕೆಳಗೆ ಬಿಡಲ್ಲ."

ನಾಲ್ಕು ಮಕ್ಕಳು, ನಾನೊಬ್ಬಳು. ಕೂಸು ಬೆನ್ನ ಮೇಲೆ ಇದ್ದೇ ಇತ್ತು. ಅಜ್ಜಿಯ ಮೊಮ್ಮಗಳನ್ನು ಸೊಂಟಕ್ಕೆ ಏರಿಸಿದೆ. ನಡೆಯಬಲ್ಲ ಇಬ್ಬರಿಗೆ ಒಬ್ಬರ ಕೈ ಒಬ್ಬರು ಹಿಡಿಯಲು ಹೇಳಿ, ಮುಂದಿನವನ ಕೈ ನಾನು ಹಿಡಿದೆ. "ಈಗ ಯಾರೂ ಮಾತಾಡಂಗಿಲ್ಲ, ಕಳ್ಳಬೆಕ್ಕಿನ ಹಾಗೆ ಹೋಗದು" ಎಂದೆ. ಅವರಿಗೆ ಆಟವೆನಿಸಿತು.

ಮೇಲಿನ ದಾರಿ ಕಾಫಿ ಗಿಡಗಳ ನಡುವೆ ಏರುತ್ತದೆ. ಅರ್ಧ ಏರಿರಬಹುದು, ಬಲಗಡೆ ಕೆಳಗೆ ಬೈನೆ ಮರ ಸೀಳುವ ಸದ್ದು ಕೇಳಿತು. ಬೈನೆಯ ತಿರುಳೆಂದರೆ ಆನೆಗಳಿಗೆ ಪ್ರಾಣ. ಸೊಂಟದ ಮೇಲಿನ ಹುಡುಗಿ ನನ್ನ ಕತ್ತು ತಬ್ಬಿ ಬಿಕ್ಕಲು ಶುರು ಮಾಡಿದಳು. ಅವಳ ಮುಖವನ್ನು ನನ್ನ ಎದೆಗೆ ಒತ್ತಿಕೊಂಡೆ. ಬೆನ್ನ ಮೇಲಿನದು ಈಗ ಎದ್ದರೆ? ಎದ್ದು ಅದರ ಎಂದಿನ ರಾಗ ತೆಗೆದರೆ? ನಿಂತರೆ ಅದಕ್ಕೆ ಎಚ್ಚರವಾಗುತ್ತದೆ, ನಿಲ್ಲಬಾರದು. ಮಂಡಿ ಬಿದ್ದುಹೋಗಲಿ, ನಿಲ್ಲಬಾರದು. ಗೊತ್ತಿರುವ ದುವಾಗಳನ್ನೆಲ್ಲ ಮನಸ್ಸಿನಲ್ಲೇ ಹೇಳುತ್ತ ಹತ್ತಿದೆ.

ಟಾರ್ ರೋಡಿನಲ್ಲಿ ಕೆಲಸದವರೆಲ್ಲ ಗುಂಪುಗೂಡಿದ್ದರು. ಹೆಂಗಸರು ಮೇಸ್ತ್ರಿಯ ಜೊತೆ ಜಗಳಕ್ಕೆ ನಿಂತಿದ್ದರು, ಕೆಳಗೆ ಹೋಗಲು ಬಿಡು ಎಂದು. ನಾವು ಬೇಲಿಯ ಹತ್ತಿರ ಬಂದದ್ದನ್ನು ಮೊದಲು ನೋಡಿದವಳು ಅವಳೇ. ಮೇಸ್ತ್ರಿಯ ಕೈ ತಳ್ಳಿ ಓಡಿ ಬಂದಳು. ಮುಖ ಬಿಳಿಚಿಕೊಂಡಿತ್ತು. ಕೂಸನ್ನು ಬಿಚ್ಚಿಕೊಳ್ಳುತ್ತಾಳೆ, ತಿರುಗಿಸಿ ನೋಡುತ್ತಾಳೆ ಎಂದು ನಾನು ರೂಢಿಯಂತೆ ತಿರುಗಿ ಬಗ್ಗಿದೆ.

ಅವಳು ಸೀರೆಯ ಗಂಟಿಗೆ ಕೈ ಹಾಕಲಿಲ್ಲ. ನನ್ನ ಸೊಂಟದ ಮೇಲೆ ಬಿಕ್ಕುತ್ತಿದ್ದ ಅಜ್ಜಿಯ ಮೊಮ್ಮಗಳನ್ನು ಎತ್ತಿಕೊಂಡಳು. ತನ್ನ ಸೆರಗಿನಿಂದ ಅವಳ ಮೂಗು ಒರೆಸಿ, ತನ್ನ ಖಾಲಿ ಬೆನ್ನಿಗೆ ಹಾಕಿಕೊಂಡು, ಗುಂಪಿನಲ್ಲಿ ಅಜ್ಜಿ ಎಲ್ಲಿದೆ ಎಂದು ಹುಡುಕುತ್ತ ಹೊರಟಳು.

"ಏ, ನಿನ್ನ ಮಗ ಇಲ್ಲಿದಾನೆ ಕಣೇ" ಎಂದು ಕೂಗಿದೆ.

"ಮಲಗಿದಾನೆ ಮೌಸಿ, ಇರ್ಲಿ ಬಿಡಿ" ಎಂದಳು, ನಡೆಯುತ್ತಲೇ.

ನಾನು ಬಗ್ಗಿದವಳು ಬಗ್ಗಿಯೇ ಇದ್ದೆ. ಕಣ್ಣೀರು ಮೂಗಿನ ತುದಿಯಿಂದ ಟಾರಿನ ಮೇಲೆ ತೊಟ್ಟಿಕ್ಕುತ್ತಿತ್ತು. ಒರೆಸಿಕೊಳ್ಳಲು ನೆಟ್ಟಗಾದರೆ ಎಲ್ಲರೂ ನೋಡುತ್ತಾರಲ್ಲ.

"ಏನಕ್ಕಾ, ಸೊಂಟ ಹಿಡ್ಕತ್ತಾ?" ಎಂದು ಮೇಸ್ತ್ರಿ ಓಡಿ ಬಂದ.

ಹೌದು ಎಂದೆ.